ನೋಡದೆ ಒತ್ತಿದ ಸೊನ್ನೆ

ನಮ್ಮ ಓಣಿ ಕೆಂಪಾಗಿದೆ ಎಂದು ನನಗೆ ಮೊದಲು ಹೇಳಿದವನು ನಮ್ಮ ಓಣಿಯವನೇ. ದೊಡ್ಡ ಅಪಾರ್ಟ್‌ಮೆಂಟ್ ಟವರಿನ ಗೇಟಿನಲ್ಲಿ ಕಾವಲಿಗೆ ನಿಲ್ಲುತ್ತಾನೆ. ನಾವೆಲ್ಲ ಅವನನ್ನು ಗೇಟಣ್ಣ ಎನ್ನುತ್ತೇವೆ. ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ತಗಡಿನ ಗೋಡೆ. ಅವನು ಕೆಮ್ಮಿದರೆ ನಮ್ಮ ಮನೆಯ ಪಾತ್ರೆಗಳು ಅಲುಗುತ್ತವೆ. ಅಂಥವನು ಅವತ್ತು ಬೆಳಿಗ್ಗೆ ನನ್ನನ್ನು ಕಂಡವನೇ ಕೈ ಅಡ್ಡ ಹಿಡಿದ.

"ನಿಲ್ಲು ತಂಗಿ. ಒಳಗೆ ಬಿಡೋ ಹಾಗಿಲ್ಲ."

"ಯಾಕೆ? ಲಿಫ್ಟು ಕೆಟ್ಟಿದ್ಯಾ?"

"ಲಿಫ್ಟಲ್ಲ, ನೀನು ಕೆಟ್ಟಿದ್ದೀಯ. ನೀನು ಕೆಂಪು."

ನನ್ನ ಕೈ ನೋಡಿಕೊಂಡೆ. ಇದ್ದ ಬಣ್ಣವೇ ಇತ್ತು.

ಗೇಟಣ್ಣ ಫೋನು ತೆಗೆದು ತೋರಿಸಿದ. ಊರಿನ ನಕ್ಷೆ. ಟವರುಗಳಿರುವ ಕಡೆಯೆಲ್ಲ ಹಸಿರು, ಈಗಷ್ಟೇ ನೀರು ಕುಡಿದ ಹುಲ್ಲಿನ ಹಾಗೆ. ಚರಂಡಿಯ ಆಚೆ ನಾವಿರುವ ಮೂಲೆ ಮಾತ್ರ ಕೆಂಪು. ಅಂಥಿಂಥ ಕೆಂಪಲ್ಲ, ಮಗು ಬಿದ್ದು ಮಂಡಿ ತರಚಿಕೊಂಡರೆ ಬರುತ್ತದಲ್ಲ, ಆ ಕೆಂಪು.

"ಸೊಳ್ಳೆ ಜ್ವರದ ನಕ್ಷೆ," ಅಂದ. "ಜ್ವರ ಈಗ ಎಲ್ಲಿದೆ, ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಕಂಪ್ಯೂಟರ್ ಹೇಳುತ್ತಂತೆ. ಕೆಂಪು ಓಣಿಯವರನ್ನ ಒಳಗೆ ಬಿಡಬಾರದು ಅಂತ ಟವರಿನವರ ಮೀಟಿಂಗಲ್ಲಿ ತೀರ್ಮಾನ ಆಗಿದೆ."

"ನೀನು ಎಲ್ಲಿ ಮಲಗ್ತೀಯ ಅಣ್ಣ?"

"ನಿಮ್ಮ ಪಕ್ಕದ ಮನೇಲಿ."

"ಮತ್ತೆ ನೀನು ಹೇಗೆ ಇಲ್ಲಿ?"

ಗೇಟಣ್ಣ ಟೋಪಿ ಸರಿಮಾಡಿಕೊಂಡ. "ನಾನು ಗೇಟಿನ ಹೊರಗೇ ಇದ್ದೀನಲ್ಲ ತಂಗಿ. ನಾನೆಲ್ಲಿ ಒಳಗೆ ಹೋಗಿದ್ದೀನಿ?"

ಅದು ನಿಜ. ವರ್ಷಗಟ್ಟಲೆ ಆ ಗೇಟು ಕಾದವನು ಒಳಗಿನ ಕಕ್ಕಸು ಕಂಡಿಲ್ಲ. ಅವಸರವಾದರೆ ರಸ್ತೆಯಾಚೆಯ ಗೋಡೆಗೆ ಹೋಗಿ ಬರುತ್ತಾನೆ.

ನೋಡ ನೋಡುತ್ತ ಗೇಟಿನ ಮುಂದೆ ನಮ್ಮ ಓಣಿಯ ಹೆಂಗಸರ ಗುಂಪೇ ಸೇರಿತು. ನೆಲ ಒರೆಸುವವರು, ಪಾತ್ರೆ ತೊಳೆಯುವವರು, ಮಕ್ಕಳನ್ನು ಆಡಿಸುವವರು. ಮೇಲಿನ ಬಾಲ್ಕನಿಗಳಿಂದ ನಮ್ಮನ್ನು ನೋಡುತ್ತಿದ್ದರು. ನಾನು ಕೆಲಸ ಮಾಡುವುದು ನಾಲ್ಕನೇ ಮಹಡಿಯಲ್ಲಿ. ಅಲ್ಲಿ ನೆಲ ಒರೆಸಿ, ಬಟ್ಟೆ ಒಗೆದು, ಆ ಮನೆಯ ಅಜ್ಜಿಗೆ ಸ್ನಾನ ಮಾಡಿಸುತ್ತೇನೆ. ಅಜ್ಜಿಗೆ ಕಾಲು ಸ್ವಾಧೀನವಿಲ್ಲ. ಎರಡು ತೋಳೂ ನನ್ನ ಕುತ್ತಿಗೆಗೆ ಹಾಕಿಸಿಕೊಂಡು, ಎದೆಗೆ ಎದೆ ಕೊಟ್ಟು ಎತ್ತಬೇಕು. ಎತ್ತಿ ಎತ್ತಿ ನನ್ನ ಸೊಂಟ ಎಡಕ್ಕೆ ವಾಲಿದೆ. ಅಜ್ಜಿಯ ಸೊಸೆ, ನಾನು ಅಮ್ಮ ಎಂದು ಕರೆಯುವವರು, ಅವತ್ತು ಕೆಳಗೆ ಇಳಿದು ಬಂದರು. ಕೆಲಸಕ್ಕೆ ಉಡಲು ನಾನು ಅಲ್ಲೇ ಇಟ್ಟಿದ್ದ ಹಳೇ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಇನ್ನೊಂದು ಚೀಲಕ್ಕೆ ಹಾಕಿ, ಗಂಟು ಬಿಗಿದು, ಕೋಲಿನ ತುದಿಗೆ ಸಿಕ್ಕಿಸಿ ಗೇಟಿನ ಸಂದಿಯಿಂದ ಚಾಚಿದರು. ಅದು ನಾನು ಅವರ ಮನೆಯ ಜೇಡರ ಬಲೆ ತೆಗೆಯುತ್ತಿದ್ದ ಕೋಲು.

"ಬೇಜಾರು ಮಾಡ್ಕೋಬೇಡ," ಅಂದರು. "ಹಸಿರಾದ ಮೇಲೆ ಹೇಳಿ ಕಳಿಸ್ತೀನಿ."

ನಾನೇನು ಬಾಳೆಕಾಯಿಯೇ, ಬಣ್ಣ ಬದಲಾಗುವುದಕ್ಕೆ?

ಚೀಲ ತೆಗೆದುಕೊಂಡೆ. ಬೇಜಾರಾಗಲಿಲ್ಲ. ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ಗೊತ್ತಾಗದೆ ಮನೆಯವರೆಗೂ ಹೊತ್ತುಕೊಂಡು ಬಂದೆ.

ಮನೆಯಲ್ಲಿ ಅತ್ತಿಗೆ ಇದ್ದಳು. ಅಣ್ಣ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಗಂಡ ಬಿಟ್ಟ ಮೇಲೆ ನಾನು, ನನ್ನ ಮಗಳು ಅಣ್ಣನ ಮನೆಯಲ್ಲೇ ಇದ್ದೇವೆ. ಮನೆ ನಡೆಸುವವಳು ಅತ್ತಿಗೆ. ಅವಳಿಗೆ ನಗರಸಭೆಯಲ್ಲಿ ಕಂಟ್ರಾಕ್ಟ್ ಕೆಲಸ. ನೀಲಿ ಕೋಟು ಹಾಕಿಕೊಂಡು, ಹೆಗಲಿಗೆ ಚೀಲ ಏರಿಸಿಕೊಂಡು, ಮನೆ ಮನೆಗೂ ಹೋಗಿ ನಿಂತ ನೀರಿನಲ್ಲಿ ಸೊಳ್ಳೆ ಮರಿ ಇದೆಯೇ ಎಂದು ನೋಡಬೇಕು. ಲಾರ್ವಾ ಸಮೀಕ್ಷೆ ಎಂದು ಅದಕ್ಕೆ ದೊಡ್ಡ ಹೆಸರು. ಮಾಡುವಾಗ ಏನೂ ದೊಡ್ಡದಾಗಿ ಕಾಣುವುದಿಲ್ಲ. ಡ್ರಮ್ಮಿನೊಳಗೆ ಅರ್ಧ ಮೈ ಬಗ್ಗಿಸಬೇಕು. ಟಾರ್ಚು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ತಗಡಿನ ಮೇಲೆ ಹತ್ತಿ ಟ್ಯಾಂಕಿನ ಮುಚ್ಚಳ ಎತ್ತಬೇಕು. ಮರಿ ಕಂಡರೆ ನೀರು ಚೆಲ್ಲಬೇಕು. ನಮ್ಮ ಓಣಿಯಲ್ಲಿ ಚೆಲ್ಲುವುದೆಂದರೆ ಸುಮ್ಮನೆ ಮಾತಲ್ಲ. ನಲ್ಲಿಯಲ್ಲಿ ನೀರು ಬರುವುದು ಮನಸ್ಸು ಬಂದಾಗ. ಬಂದಾಗ ಹಿಡಿದಿಟ್ಟುಕೊಳ್ಳದಿದ್ದರೆ ಗಂಟಲು ಒಣಗುತ್ತದೆ. ಅಂಥ ನೀರನ್ನು ಅತ್ತಿಗೆ ಚೆಲ್ಲುತ್ತಾಳೆ. ಹೆಂಗಸರು ಅವಳ ಏಳು ತಲೆಮಾರಿಗೂ ಬೈಯುತ್ತಾರೆ. ಬೈದು ಮುಗಿದ ಮೇಲೆ ಟೀ ಕೊಡುತ್ತಾರೆ.

ಕಂಡದ್ದನ್ನು ಅವಳು ನಗರಸಭೆ ಕೊಟ್ಟ ಫೋನಿನಲ್ಲಿ ಒತ್ತಬೇಕು. ಯಾವ ಮನೆ, ಎಷ್ಟು ಕಡೆ ಮರಿ ಸಿಕ್ಕಿತು. ಅದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನಾವು ಯೋಚಿಸಿರಲಿಲ್ಲ.

ಅವತ್ತು ಸಂಜೆ ಓಣಿಗೆ ಹೊಗೆ ಬಿಡುವ ಗಾಡಿ ಬಂತು. ನಮ್ಮ ಬಾಗಿಲುಗಳಿಗೆ ಕೆಂಪು ಚೀಟಿ ಅಂಟಿಸಿಕೊಂಡು ಹೋದರು. ಒಲೆಯ ಮೇಲಿದ್ದ ಅನ್ನಕ್ಕೆಲ್ಲ ಸೀಮೆಎಣ್ಣೆ ವಾಸನೆ. ಹೊಗೆ ಇಳಿದ ಮೇಲೆ ನಾವು ಕಣ್ಣು ಒರೆಸಿಕೊಂಡು ಬಾಗಿಲ ಮುಂದೆ ಕೂತೆವು.

"ಯೂನಿವರ್ಸಿಟಿಯವರು ಮಾಡೆಲ್ ಮಾಡಿದ್ದಾರಂತೆ," ಅಂದ ಗೇಟಣ್ಣ.

"ಸೊಳ್ಳೆ ಮಾಡೆಲ್ ಅಂದ್ರೇನೋ?" ಎಂದಳು ಅವನ ಹೆಂಡತಿ. "ಸೊಳ್ಳೆಗೆ ಬಣ್ಣ ಬಳಿದು, ಮೈ ಬಳುಕಿಸಿ ನಡೆಸ್ತಾರಾ?"

"ಅಯ್ಯೋ, ಅದಲ್ಲ. ಎಲ್ಲಿ ಮರಿ ಸಿಕ್ತು, ಎಲ್ಲಿ ಜ್ವರ ಬಂತು, ಮಳೆ ಎಷ್ಟು, ಬಿಸಿಲು ಎಷ್ಟು, ಎಲ್ಲಾ ಹಾಕಿದ್ರೆ, ಮುಂದೆ ಜ್ವರ ಯಾವ ಬೀದಿಗೆ ಹೋಗುತ್ತೆ ಅಂತ ಕಂಪ್ಯೂಟರ್ ಹೇಳುತ್ತೆ. ಅಲ್ಲಿಗೆ ಮೊದಲೇ ಜನ ಕಳಿಸಿ ಹುಡುಕಿಸಬಹುದು. ಅದು ಆಫೀಸಿನವರಿಗೆ ಅಂತ ಮಾಡಿದ್ದು. ಯಾರೋ ಪುಣ್ಯಾತ್ಮ ಟವರಿನ ಗ್ರೂಪಿಗೆ ಕಳಿಸಿದ್ದಾನೆ."

ಜನ ಕಳಿಸಲು ಮಾಡಿದ ನಕ್ಷೆಯಿಂದ ಜನರನ್ನು ಓಡಿಸಿದ್ದರು.

ನನಗೆ ಒಂದು ತಿಳಿಯಲಿಲ್ಲ. "ನಮ್ಮ ಓಣಿ ಕೆಂಪು, ಸರಿ. ಇಲ್ಲಿ ಸೊಳ್ಳೆ ಇದೆ. ಟವರು ಹೇಗೆ ಅಷ್ಟು ಹಸಿರಾಯ್ತು? ಹಗಲೆಲ್ಲ ಅಲ್ಲೂ ನನಗೆ ಕಚ್ಚುತ್ತಲ್ಲ."

ಅತ್ತಿಗೆ ಕಾಲಿನ ಹಿಮ್ಮಡಿ ಉಜ್ಜುತ್ತಾ ಕೂತಿದ್ದಳು. ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿದಳು.

"ನಾನೇ ಹಸಿರು ಮಾಡಿದ್ದು ಕಣೇ," ಅಂದಳು.

ನಾನು ಕೆಲಸ ಮಾಡುವ ಟವರೂ ಅತ್ತಿಗೆಯ ಪಾಲಿಗೇ ಇತ್ತು. ಅಲ್ಲಿ ಅವಳನ್ನು ಎಂದೂ ಒಳಗೆ ಬಿಟ್ಟಿರಲಿಲ್ಲ. ಮೊದಲ ಸಲ ಹೋದಾಗ, ಬೂಟು ಕೆಸರಾಗಿದೆ, ಲಾಬಿಯ ಕಲ್ಲು ಕೊಳಕಾಗುತ್ತದೆ ಅಂದರು. ಮುಂದಿನ ಸಲ ಅವಳು ಬೂಟು ಕೈಯಲ್ಲಿ ಹಿಡಿದುಕೊಂಡು ಬರಿಗಾಲಿನಲ್ಲಿ ನಿಂತಳು. ಆಗ, ಎಲ್ಲರೂ ಊಟ ಮಾಡುತ್ತಿದ್ದಾರೆ ಅಂದರು. ಆಮೇಲೆ, ನಮ್ಮಲ್ಲಿ ಸೊಳ್ಳೆಯೇ ಇಲ್ಲ ಅಂದರು. ಅವಳು ನಗರಸಭೆಯ ಹೆಲ್ತ್ ಇನ್‌ಸ್ಪೆಕ್ಟರಿಗೆ ಹೇಳಿದಳು. ಅವರು, "ದೊಡ್ಡವರ ಸಹವಾಸ ನಮಗ್ಯಾಕಮ್ಮ, ಸೊನ್ನೆ ಒತ್ತಿ ಮುಂದಕ್ಕೆ ಹೋಗು," ಅಂದರು. ಫೋನೋ ಅವರಿಗಿಂತ ಹಟಮಾರಿ. ಏನಾದರೂ ಅಂಕಿ ಒತ್ತದಿದ್ದರೆ ಮುಂದಿನ ಮನೆಗೆ ಬಿಡುತ್ತಿರಲಿಲ್ಲ. ಅತ್ತಿಗೆ ಗೇಟಿನ ಹೊರಗೆ ಮರದ ನೆರಳಲ್ಲಿ ಕೂತು, ಮಹಡಿಗೆ ಮಹಡಿ, ಮನೆಗೆ ಮನೆ, ಸೊನ್ನೆ ಒತ್ತುತ್ತಿದ್ದಳು.

"ನೋಡದೇನಾ?" ಅಂದೆ.

"ನೋಡೋಕೆ ಬಿಟ್ರೆ ತಾನೆ ನೋಡೋದು!"

ಆ ರಾತ್ರಿ ಅವಳ ತಟ್ಟೆಯನ್ನು ಸ್ವಲ್ಪ ಸದ್ದಾಗುವ ಹಾಗೆ ಇಟ್ಟೆ. ಅವಳು ಏನೂ ಅನ್ನದೆ ಉಂಡಳು. ಅತ್ತಿಗೆ ಏನೂ ಅನ್ನದೆ ಉಂಡದ್ದು ನಾನು ನೋಡಿದ್ದು ಅದೇ ಮೊದಲು. ಉಪ್ಪು ಹೆಚ್ಚಾದರೆ ಹೆಚ್ಚು, ಕಡಿಮೆಯಾದರೆ ಕಡಿಮೆ, ಸರಿಯಿದ್ದರೆ ಇವತ್ತು ಹೇಗೆ ಸರಿಯಾಯಿತು ಎಂದು ಕೇಳುವವಳು ಅವಳು.

ಕೆಲಸವಿಲ್ಲದ ದಿನಗಳು ಉದ್ದ. ನಾನು ಮಗಳ ಹೇನು ತೆಗೆದೆ, ತಗಡಿನ ತೂತು ಮುಚ್ಚಿದೆ, ಸುಮ್ಮಸುಮ್ಮನೆ ಅತ್ತಿಗೆಯ ಮೇಲೆ ಮುನಿಸಿಕೊಂಡೆ. ಅಷ್ಟರಲ್ಲಿ ಗೇಟಣ್ಣ ಒಂದು ಸುದ್ದಿ ತಂದ. ಟವರಿನಲ್ಲಿ ಜ್ವರ ಶುರುವಾಗಿತ್ತು. ಮೊದಲು ಏಳನೇ ಮಹಡಿಯ ಹುಡುಗಿ, ಆಮೇಲೆ ಕೆಳಗಿನ ಮನೆಯ ವಕೀಲರು, ಆಮೇಲೆ ನಮ್ಮ ನಾಲ್ಕನೇ ಮಹಡಿಯ ಅಜ್ಜಿ. ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು. ಕೆಂಪು ಓಣಿಯವರು ಒಬ್ಬರೂ ಒಳಗೆ ಕಾಲಿಡದೆ ಎಷ್ಟೋ ದಿನವಾಗಿತ್ತು.

"ಏನಂತಾರೆ ಈಗ?" ಎಂದು ಕೇಳಿದೆ.

"ನೀವು ಹೋಗುವಾಗ ಬಿಟ್ಟು ಹೋಗಿದ್ದೀರಂತೆ."

ನಗಬೇಕೋ ಅಳಬೇಕೋ. ಅಜ್ಜಿಯನ್ನು ಎತ್ತುವವರು ಯಾರು ಎಂದು ನನಗೆ ಚಿಂತೆ ಹತ್ತಿತು. ಆಸ್ಪತ್ರೆಯವರಿಗೆ ಅವರ ಎಡ ತೋಳು ಮೇಲೆ ಎತ್ತಿದರೆ ನೋಯುತ್ತದೆ ಎಂದು ಗೊತ್ತಿರುತ್ತದೆಯೇ?

ಅದೇ ವಾರ ನಮ್ಮ ಓಣಿಗೆ ಒಬ್ಬ ಹುಡುಗಿ ಬಂದಳು. ದಪ್ಪ ಕನ್ನಡಕ, ಬೆನ್ನಿಗೆ ಕಂಪ್ಯೂಟರಿನ ಚೀಲ. ಚರಂಡಿಯ ಹಲಗೆ ದಾಟುವಾಗ ಜಾರಿ ಒಂದು ಕಾಲು ಕೆಸರಿಗೆ ಇಳಿಸಿದ್ದಳು. ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು. ಅತ್ತಿಗೆಯನ್ನು ಹುಡುಕಿಕೊಂಡು ಬಂದಿದ್ದಳು.

"ನಕ್ಷೆ ಮಾಡಿದ್ದು ನಾನು," ಅಂದಳು.

ಗೇಟಣ್ಣನ ಹೆಂಡತಿ ಪೊರಕೆಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು.

ಅತ್ತಿಗೆ ಒಂದು ಬಕೆಟ್ಟು ಬೋರಲು ಹಾಕಿ, "ಕೂತ್ಕೊಳ್ಳಿ ಮೇಡಂ, ಮೊದಲು ಕಾಲು ತೊಳೀರಿ," ಅಂದಳು. ನಮ್ಮ ಓಣಿಯವರು ಅಂದಿನಿಂದ ಆ ಹುಡುಗಿಯನ್ನು ಲೆಕ್ಕದ ಮೇಡಂ ಎಂದೇ ಕರೆದರು.

ಲೆಕ್ಕದ ಮೇಡಂ ಕಾಲು ತೊಳೆಯುತ್ತಲೇ ಮಾತು ಶುರುಮಾಡಿದಳು. ಅವಳ ನಕ್ಷೆಯ ಪ್ರಕಾರ ಟವರಿನಲ್ಲಿ ಯಾರಿಗೂ ಜ್ವರ ಬರಬಾರದಿತ್ತು. ಬಂತು. ಅವಳಿಗೆ ಅನುಮಾನ ಹತ್ತಿ ಹಿಂದಿನ ಅಂಕಿಗಳನ್ನೆಲ್ಲ ತೆಗೆದು ಕೂತಿದ್ದಳು. "ಟವರಿನ ಎಲ್ಲ ಮನೆಯೂ ಸೊನ್ನೆ. ಪ್ರತಿ ಸಲವೂ ಸೊನ್ನೆ. ಒಂದು ಹೂಕುಂಡದಲ್ಲೂ ಒಂದು ಮರಿ ಇಲ್ಲ. ಪ್ರಪಂಚದಲ್ಲಿ ಎಲ್ಲೂ ಹಾಗೆ ಇರಲ್ಲ ಅಕ್ಕ. ಅಷ್ಟೂ ಮನೆಯನ್ನ ಅರ್ಧ ಗಂಟೇಲಿ ನೋಡಿ ಮುಗಿಸಿದ್ದೀರ. ನಿಮಗೆ ರೆಕ್ಕೆ ಇರಬೇಕು, ಇಲ್ಲ ನೀವು ಒಳಗೇ ಹೋಗಿಲ್ಲ."

"ರೆಕ್ಕೆ ಇಲ್ಲ," ಎಂದಳು ಅತ್ತಿಗೆ.

ಆಮೇಲೆ ಎಲ್ಲ ಹೇಳಿದಳು. ಬೂಟು, ಊಟದ ಹೊತ್ತು, ಮರದ ನೆರಳು, ಸೊನ್ನೆ.

ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. "ಹುಡುಕಿ ಸಿಗದೇ ಇದ್ದರೂ ಸೊನ್ನೆ, ಹುಡುಕದೇ ಇದ್ದರೂ ಸೊನ್ನೆ. ನನ್ನ ಲೆಕ್ಕಕ್ಕೆ ಎರಡೂ ಒಂದೇ ಆಗಿಬಿಡ್ತು. ಟವರು ಹಸಿರು ಅಂತ ಅಲ್ಲಿಗೆ ಜನ ಕಳಿಸೋದು ಕಡಿಮೆ ಮಾಡಿದೆವು. ಈ ಓಣಿ ಕೆಂಪು ಅಂತ ಇಲ್ಲಿಗೆ ಜಾಸ್ತಿ ಕಳಿಸಿದೆವು. ಜಾಸ್ತಿ ಹುಡುಕಿದ ಕಡೆ ಜಾಸ್ತಿ ಸಿಗುತ್ತೆ. ಸಿಕ್ಕಿದ್ದಕ್ಕೆ ಇನ್ನೂ ಕೆಂಪು. ನಾನೇ ಗಾಣ ತಿರುಗಿಸ್ತಾ ಕೂತಿದ್ದೆ."

"ನಮ್ಮ ಡ್ರಮ್ಮು ಇರೋದು ನಿಮ್ಮ ಲೆಕ್ಕದಲ್ಲಿದೆಯಾ?" ಎಂದು ನಾನು ಕೇಳಿದೆ.

"ಇದೆ. ನೀರು ಹಿಡಿದಿಡೋ ಮನೆ ಅಂತ ಒಂದು ಕಾಲಂ ಇದೆ."

"ನಲ್ಲೀಲಿ ನೀರು ಬರಲ್ಲ ಅನ್ನೋದು?"

ಮೇಡಂ ತಲೆಯಾಡಿಸಿದಳು. ಇಲ್ಲ ಎಂದು.

"ಹಂಗಿದ್ರೆ ಅದನ್ನೂ ಒಂದು ಬಣ್ಣ ಹಾಕಿ ತೋರಿಸಿ ಮೇಡಂ," ಎಂದಳು ಗೇಟಣ್ಣನ ಹೆಂಡತಿ. ಪೊರಕೆಯನ್ನು ಗೋಡೆಗೆ ಒರಗಿಸಿ ಟೀ ಇಡಲು ಒಳಗೆ ಹೋದಳು.

ಹೊರಡುವಾಗ ಮೇಡಂ ಅತ್ತಿಗೆಗೆ ಒಂದೇ ಮಾತು ಹೇಳಿದಳು. "ಫೋನು ಅಂಕಿ ಕೇಳೋದನ್ನ ತಪ್ಪಿಸೋಕೆ ನನ್ನ ಕೈಲಾಗಲ್ಲ, ಅದು ನಗರಸಭೆಯದು. ಕೇಳಿ ನೋಡಿದ್ದೀನಿ, ಆಮೇಲೆ ನೋಡೋಣ ಅಂದ್ರು. ಆದರೆ ನೀವು ಒತ್ತದೇ ಇದ್ದರೆ, ಆ ಜಾಗ ನನ್ನ ಹತ್ತಿರ ಖಾಲಿ ಬರುತ್ತೆ. ಖಾಲಿಯನ್ನ ನಾನು ಸೊನ್ನೆ ಅಂತ ತಗೊಳಲ್ಲ. ಒತ್ತಬೇಡಿ ಅಂತ ಹೇಳೋಕೆ ನಾನು ಯಾರು? ನಿಮ್ಮ ಕೆಲಸ ಹೋಗಬಹುದು."

ಅತ್ತಿಗೆ ಎದ್ದಳು. ಬಕೆಟ್ಟನ್ನು ನೆಟ್ಟಗೆ ಮಾಡಿ ಒಳಗೆ ಇಟ್ಟಳು.

ಮರುದಿನ ಬೆಳಿಗ್ಗೆ ನೀಲಿ ಕೋಟು ತೊಟ್ಟು, "ನನ್ನ ಜೊತೆ ಬರ್ತೀಯೇನೇ?" ಎಂದಳು. ತಟ್ಟೆ ಸದ್ದು ಮಾಡಿದ ಮೇಲೆ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಚಪ್ಪಲಿ ಮೆಟ್ಟಿದೆ.

ಟವರಿನ ಗೇಟಿಗೆ ಬಂದೆವು. ಅತ್ತಿಗೆ ಗೇಟಣ್ಣನಿಗೆ, "ಒಳಗೆ ನೋಡಬೇಕು, ಕೇಳು," ಅಂದಳು. ಗೇಟಣ್ಣ ಒಳಗೆ ಫೋನು ಮಾಡಿದ. ಬಿಡಬೇಡ ಅಂದರು. ಅತ್ತಿಗೆ ಮರದ ನೆರಳಿಗೆ ಹೋಗಲಿಲ್ಲ. ಗೇಟಿನ ಎದುರಿಗೆ, ಬಿಸಿಲಿನಲ್ಲಿ, ಕಾರುಗಳು ಹೋಗಿ ಬರುವ ಜಾಗದಲ್ಲಿ ಕಾಲು ಮಡಚಿ ಕೂತಳು. ಫೋನು ತೊಡೆಯ ಮೇಲೆ. ಬೆರಳು ಸೆರಗಿನೊಳಗೆ.

ಕಾರುಗಳು ಹಾರ್ನು ಹೊಡೆದವು. ಅವಳು ಅಲುಗಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಬೈಕಿನಲ್ಲಿ ಬಂದರು. ಕೆಟ್ಟ ಮನುಷ್ಯ ಅಂತಲ್ಲ. ಮೇಲಿನವರ ಹತ್ತಿರ ಬೈಸಿಕೊಂಡರೆ ಮಾತ್ರ ಕೆಟ್ಟವರಾಗುತ್ತಾರೆ. ದಿನಾ ಬೈಸಿಕೊಳ್ಳುತ್ತಾರೆ.

"ಏನಮ್ಮಾ, ಬೆಳಿಗ್ಗೆಯಿಂದ ಒಂದು ಮನೆಯೂ ಮುಂದಕ್ಕೆ ಹೋಗಿಲ್ಲ! ಮಧ್ಯಾಹ್ನ ಕಮಿಷನರ್ ಮೀಟಿಂಗಿದೆ. ಸೊನ್ನೆ ಒತ್ತು, ಎದ್ದೇಳು."

"ನೋಡದೆ ಒತ್ತಲ್ಲ ಸಾರ್."

"ಇಷ್ಟು ದಿನ ಒತ್ತಿದ್ದೆಯಲ್ಲ!"

"ಒತ್ತಿದ್ದೆ. ಅದಕ್ಕೇ ನಮ್ಮ ನಾದಿನಿ ಕೆಲಸ ಕಳ್ಕೊಂಡು ಇಲ್ಲಿ ನಿಂತಿದ್ದಾಳೆ ನೋಡಿ."

"ಕೆಲಸದಿಂದ ತೆಗೆದುಹಾಕ್ತೀನಿ."

"ತೆಗೀರಿ. ಬರೋಳಿಗೆ ಮೊದಲೇ ಹೇಳಿಬಿಡಿ, ನೋಡೋ ಕೆಲಸ ಅಲ್ಲ, ಒತ್ತೋ ಕೆಲಸ ಅಂತ."

ಇನ್‌ಸ್ಪೆಕ್ಟರ್ ಬಗ್ಗಿ ಅವಳ ತೊಡೆಯ ಮೇಲಿನ ಫೋನು ಕಿತ್ತುಕೊಂಡರು. ತಾವೇ ಒತ್ತಿ ಮುಗಿಸುವ ಅಂದಾಜು. ಆದರೆ ಆ ಫೋನು ತೆರೆಯುವುದು ಅತ್ತಿಗೆಯ ಮುಖ ಕಂಡರೆ ಮಾತ್ರ. ಕೆಲಸದವರು ಒಬ್ಬರ ಬದಲು ಇನ್ನೊಬ್ಬರನ್ನು ಕಳಿಸಬಾರದು ಎಂದು ನಗರಸಭೆಯವರೇ ಮಾಡಿದ್ದ ಏರ್ಪಾಡು. ಇನ್‌ಸ್ಪೆಕ್ಟರ್ ಫೋನನ್ನು ಅವಳ ಮುಖದ ಮುಂದೆ ಹಿಡಿದರು.

ಅತ್ತಿಗೆ ಕಣ್ಣು ಮುಚ್ಚಿದಳು.

"ಕಣ್ಣು ಬಿಡು."

"ಇಲ್ಲ."

ಅವರು ಬಲಕ್ಕೆ ಬಂದು ಹಿಡಿದರು. ಅವಳು ಕೆನ್ನೆ ಉಬ್ಬಿಸಿ, ತುಟಿ ಓರೆ ಮಾಡಿ ಕೂತಳು. ಎಡಕ್ಕೆ ಬಂದರು. ಅವಳು ಮೂಗು ಸೊಟ್ಟ ಮಾಡಿದಳು. ಫೋನು ಗೊಂದಲಕ್ಕೆ ಬಿದ್ದು ಗುರುಗುಟ್ಟಿತು. ಬಾಲ್ಕನಿಯಿಂದ ಯಾರೋ ನಕ್ಕರು. ಅದು ಇನ್‌ಸ್ಪೆಕ್ಟರಿಗೆ ಕೇಳಿಸಿತು.

"ಒಂದೇ ಒಂದು ಸಲ ಕಣ್ಣು ಬಿಡಮ್ಮ. ನನ್ನ ಮಾನ ಉಳಿಸು."

"ಅವ್ರು ಗೇಟು ತೆಗೀಲಿ, ನಾನು ಕಣ್ಣು ತೆಗೀತೀನಿ."

ಆಗ ಅವರು ತಾಳ್ಮೆ ಕಳೆದುಕೊಂಡರು. ಎಡಗೈಯಲ್ಲಿ ಫೋನು ಹಿಡಿದು, ಬಲಗೈ ಹೆಬ್ಬೆರಳಿನಿಂದ ಅತ್ತಿಗೆಯ ರೆಪ್ಪೆ ಎತ್ತಲು ಹೋದರು. ಬೆರಳು ಅವಳ ಕೆನ್ನೆಗೆ ತಾಗಿತು. ಅವಳು ಮುಖ ಹಿಂದಕ್ಕೆ ಎಳೆದುಕೊಂಡಳು. ಆದರೂ ಕಣ್ಣು ಬಿಡಲಿಲ್ಲ. ನಾನು ಅವರ ಕೈಯನ್ನು ಹೊಡೆದು ದೂರ ತಳ್ಳಿದೆ. ಜೋರಾಗಿಯೇ ಹೊಡೆದೆ. ಅಜ್ಜಿಯನ್ನು ಎತ್ತಿದ ಕೈ ಅದು.

"ಏಯ್!" ಎಂದು ಅವರು ನನ್ನ ಕಡೆ ತಿರುಗಿದರು. ನಡುವೆ ಒಂದು ಕೈ ಅಡ್ಡ ಬಂತು. ಗೇಟಣ್ಣ.

"ನಿಲ್ಲಿ ಸಾರ್. ಹೆಂಗಸರ ಮೈ ಮುಟ್ಟೋ ಹಾಗಿಲ್ಲ."

"ನೀನ್ಯಾರಯ್ಯಾ?"

"ನಾನು ಕೆಂಪು ಸಾರ್. ದೂರ ನಿಂತ್ಕೊಂಡ್ರೆ ನಿಮಗೇ ಒಳ್ಳೇದು."

ಇನ್‌ಸ್ಪೆಕ್ಟರ್ ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಹೋದರು.

ಆ ಹೊತ್ತಿಗೆ ಬೇರೆ ಟವರುಗಳಿಗೆ ಹೋಗಿದ್ದ ನೀಲಿ ಕೋಟಿನ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತ್ತು. ಅವರೂ ಗೇಟುಗಳ ಮುಂದೆ ಕೂತರು. ಅವರಲ್ಲಿ ಯಾರಿಗೂ ಅತ್ತಿಗೆಯಷ್ಟು ಧೈರ್ಯವಿತ್ತು ಎಂದು ನಾನು ಹೇಳಲಾರೆ. ಬಿಸಿಲಲ್ಲಿ ಅಲೆದೂ ಅಲೆದೂ ಸಾಕಾಗಿತ್ತು, ಕೂರುವುದಕ್ಕೆ ಒಂದು ನೆಪ ಸಿಕ್ಕಿತು ಎಂದು ಅವರೇ ಆಮೇಲೆ ನಕ್ಕರು.

ಮೀಟಿಂಗಿನಲ್ಲಿ ಏನಾಯಿತು ಎಂದು ಲೆಕ್ಕದ ಮೇಡಂ ಬಂದು ಹೇಳಿದಳು. ಹೊಸ ನಕ್ಷೆಯಲ್ಲಿ ಟವರುಗಳಿದ್ದ ಅಷ್ಟೂ ಜಾಗಕ್ಕೆ ಅವಳು ಬೂದಿ ಬಣ್ಣ ಹಾಕಿದ್ದಳು.

"ಇದೇನ್ರೀ ಇದು, ಬೂದಿ?" ಎಂದು ಕಮಿಷನರ್ ಕೇಳಿದರಂತೆ.

"ಗೊತ್ತಿಲ್ಲ ಅನ್ನೋ ಬಣ್ಣ ಸಾರ್. ಅಲ್ಲಿ ಯಾರೂ ಒಳಗೆ ಹೋಗಿ ನೋಡಿಲ್ಲ."

"ಗೊತ್ತಿಲ್ಲ ಅಂತ ಹೇಳೋಕೆ ನಿಮ್ಮ ಕಂಪ್ಯೂಟರ್ ಬೇಕಾ?"

"ಬೇಕು ಸಾರ್. ಗೊತ್ತಿಲ್ಲದ ಕಡೆಗೇ ಮೊದಲು ಜನ ಕಳಿಸಬೇಕು. ಅದಕ್ಕೇ ನಕ್ಷೆ ಮಾಡೋದು."

 

ಬೂದಿ ಬಣ್ಣದ ನಕ್ಷೆಯೂ ಟವರಿನ ಗ್ರೂಪಿಗೆ ಹೋಯಿತು. ಆ ಪುಣ್ಯಾತ್ಮ ಯಾರು ಎಂದು ನಮಗೆ ಇನ್ನೂ ಗೊತ್ತಿಲ್ಲ, ಎಲ್ಲಿದ್ದರೂ ಚೆನ್ನಾಗಿರಲಿ. ಟವರಿನವರಿಗೆ ಹೊಟ್ಟೆಗೆ ಬೆಂಕಿ ಬಿತ್ತು. ಕೆಂಪು ಅಂದಿದ್ದರೆ ಬಂದು ಜಗಳವಾಡಬಹುದಿತ್ತು. ಗೊತ್ತಿಲ್ಲ ಅಂದರೆ ಯಾರ ಜೊತೆ ಜಗಳವಾಡುವುದು? ಬಾಡಿಗೆಗೆ ಮನೆ ನೋಡಲು ಬಂದವರು ನಕ್ಷೆ ನೋಡಿ ಹಿಂದಿರುಗಿದರು. ಟವರಿನ ಸಂಘದ ಅಧ್ಯಕ್ಷರು ತಾವೇ ಗೇಟಿಗೆ ಬಂದು, "ಒಳಗೆ ಬನ್ನಿ ಅಮ್ಮ, ಎಲ್ಲಾ ನೋಡ್ಕೊಳ್ಳಿ, ಒಂದು ಮೂಲೆಯನ್ನೂ ಬಿಡಬೇಡಿ," ಅಂದರು. ಅತ್ತಿಗೆಯ ಬೂಟಿನಲ್ಲಿ ಅವತ್ತು ಎಂದಿಗಿಂತ ಹೆಚ್ಚು ಕೆಸರಿತ್ತು. ಬೇಕೆಂದೇ ಮೆತ್ತಿಕೊಂಡಳೋ ಏನೋ, ನಾನು ಕೇಳಲಿಲ್ಲ.

ಲಾಬಿಯಲ್ಲಿ ಒಂದು ಕಲ್ಲಿನ ಕೊಳ. ಅದರಲ್ಲಿ ಒಂದೆರಡು ತಾವರೆ ಎಲೆ, ಅಲಂಕಾರಕ್ಕೆ. ಅತ್ತಿಗೆ ಸೌಟು ಇಳಿಸಿ ಎತ್ತಿದಳು. ಸೌಟಿನ ತುಂಬ ಬಳುಕುವ ಮರಿಗಳು.

ಅಧ್ಯಕ್ಷರು ಬಗ್ಗಿ ನೋಡಿದರು. "ಇದು ಮೀನಿನ ಮರಿ ಅಲ್ವಾ?"

"ಹೌದು ಸಾರ್. ನಾಳೆ ರೆಕ್ಕೆ ಬರುತ್ತೆ, ಅಷ್ಟೇ."

ಬಾಲ್ಕನಿಯ ಕುಂಡಗಳ ತಟ್ಟೆಯಲ್ಲಿ ಮರಿ, ಫ್ರಿಜ್ಜಿನ ಹಿಂದಿನ ಡಬ್ಬಿಯಲ್ಲಿ ಮರಿ, ತಾರಸಿಯ ಒಡೆದ ಟ್ಯಾಂಕಿನಲ್ಲಿ ಮರಿ. ಟವರು ಕೆಂಪಾಯಿತು. ನಾವು ಬಾಗಿಲ ಮುಂದೆ ಕೂತು ಚಪ್ಪಾಳೆ ಹೊಡೆದೆವು. ಚಪ್ಪಾಳೆ ನಿಂತ ಮೇಲೆ ಗೊತ್ತಾಯಿತು, ಕೆಂಪಿನಲ್ಲೂ ಎರಡು ಜಾತಿ ಇದೆ ಎಂದು. ಟವರಿನವರು ಎಂದಿನಂತೆ ಕಾರು ಹತ್ತಿ ಕೆಲಸಕ್ಕೆ ಹೋದರು. ಯಾವ ಆಫೀಸಿನ ಗೇಟೂ ಅವರಿಗೆ ಕೈ ಅಡ್ಡ ಹಿಡಿಯಲಿಲ್ಲ. ಯಾವ ಬಾಗಿಲಿಗೂ ಚೀಟಿ ಅಂಟಲಿಲ್ಲ. ಹೊಗೆಯ ಗಾಡಿ ಅಲ್ಲಿಗೂ ಹೋಯಿತು, ಮೊದಲೇ ಫೋನು ಮಾಡಿ ಹೊತ್ತು ಕೇಳಿಕೊಂಡು.

ಅತ್ತಿಗೆಯನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಉಳಿದವರೂ ಮತ್ತೆ ಕೂತುಬಿಟ್ಟಾರು ಎಂಬ ಭಯ. ಶಿಕ್ಷೆ ಎಂದು ಊರಿನ ಟವರುಗಳಷ್ಟನ್ನೂ ಅವಳಿಗೇ ಖಾಯಂ ಹಾಕಿದರು. ಅದು ಶಿಕ್ಷೆಯೋ ಬಹುಮಾನವೋ ಅವಳ ಮೊಣಕಾಲನ್ನು ಕೇಳಬೇಕು. ಫೋನಿನಲ್ಲಿ ಸೊನ್ನೆಯ ಪಕ್ಕ ಹೊಸದೊಂದು ಗುಂಡಿ ಬಂದಿದೆ: ಒಳಗೆ ಬಿಡಲಿಲ್ಲ. ನಮ್ಮ ಓಣಿ ಈಗಲೂ ಕೆಂಪೇ, ಸ್ವಲ್ಪ ತಿಳಿಯಾಗಿದೆ. ನಲ್ಲಿಯಲ್ಲಿ ನೀರು ಈಗಲೂ ಮನಸ್ಸು ಬಂದಾಗಲೇ ಬರುತ್ತದೆ. ಅದಕ್ಕೆ ಮೇಡಂ ಒಂದು ಬಣ್ಣ ಹುಡುಕುತ್ತಿದ್ದಾಳೆ.

ನನಗೆ ನಾಲ್ಕನೇ ಮಹಡಿಯಿಂದ ಫೋನು ಬಂತು.

"ಅತ್ತೆ ಆಸ್ಪತ್ರೆಯಿಂದ ಬಂದಿದ್ದಾರೆ," ಅಂದರು ಅಮ್ಮ. "ನಾಳೆಯಿಂದ ಬಾ. ಬರುವಾಗ ರಕ್ತದ ರಿಪೋರ್ಟು ತಗೊಂಡು ಬಾ. ನಿನ್ನದು, ನಿನ್ನ ಮಗಳದು."

"ಆಗಲಿ ಅಮ್ಮ. ನಿಮ್ಮದೂ ತೆಗೆದಿಟ್ಟಿರಿ, ನಿಮ್ಮ ಯಜಮಾನರದೂ. ನಿಮ್ಮ ಮನೇಲಿ ಜ್ವರ ಬಂದಿದೆ, ನಮ್ಮ ಮನೇಲಿ ಮಗು ಇದೆ."

ಅಮ್ಮನ ದನಿ ಬಿರುಸಾಯಿತು. "ನಿನಗೆ ಬಾಯಿ ಜಾಸ್ತಿಯಾಗಿದೆ."

"ಇದ್ದಿದ್ದು ಅಷ್ಟೇ ಅಮ್ಮ. ಮುಚ್ಚಿಟ್ಟಿದ್ದೆ."

ಫೋನು ಇಟ್ಟರು. ಕೆಲಸ ಹೋಯಿತು ಎಂದುಕೊಂಡೆ. ಸಂಜೆ ಮತ್ತೆ ಮಾಡಿದರು. ರಿಪೋರ್ಟು ಬೇಡವಂತೆ. ಅಜ್ಜಿಯನ್ನು ಎತ್ತಲು ಬಂದ ಇಬ್ಬರು ನರ್ಸುಗಳೂ ಅಜ್ಜಿಯ ಬಾಯಿಗೆ ಹೆದರಿ ಓಡಿಹೋಗಿದ್ದರು.

ಅತ್ತಿಗೆಗೂ ಮರುದಿನ ಅದೇ ಟವರು. ಇಬ್ಬರೂ ಜೊತೆಗೆ ಹೋದೆವು, ಮುಂದಿನ ಬಾಗಿಲಿನಿಂದಲೇ. ಕೆಲಸದವರ ಲಿಫ್ಟಿನ ಕಡೆ ತಿರುಗಿ ನೋಡಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಅನ್ನಲಿ ಎಂದು ನಾನು ಕಾಯುತ್ತಿದ್ದೆ.

ಅಜ್ಜಿ ಇಳಿದು ಹೋಗಿದ್ದರು. ಎತ್ತಿದರೆ ಮೊದಲಿನ ಭಾರವಿಲ್ಲ. ಬೆನ್ನಿಗೆ ಬಿಸಿನೀರು ಹಾಕಿ ಉಜ್ಜಿ, ಒರೆಸಿ, ಮಂಚಕ್ಕೆ ತಂದು ಕೂರಿಸಿದೆ. ಅಷ್ಟರಲ್ಲಿ ಅತ್ತಿಗೆ ಉಳಿದ ಕೋಣೆಗಳನ್ನು ಮುಗಿಸಿ ಅಜ್ಜಿಯ ಕೋಣೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಟಾರ್ಚು. ಅವಳ ಹಿಂದೆ ಅಮ್ಮ.

"ಯಾರೇ ಇದು?" ಎಂದರು ಅಜ್ಜಿ.

"ನಮ್ಮ ಅತ್ತಿಗೆ ಅಜ್ಜೀ. ಸೊಳ್ಳೆ ನೋಡೋಕೆ ಬಂದಿದ್ದಾಳೆ."

"ಈ ಕೋಣೇಲಿ ಏನೂ ಇಲ್ಲ, ದಿನಾ ಕ್ಲೀನ್ ಮಾಡಿಸ್ತೀವಿ," ಎಂದರು ಅಮ್ಮ.

ಅಜ್ಜಿ ಸೊಸೆಯ ಕಡೆ ನೋಡಲೇ ಇಲ್ಲ. "ಸೊಳ್ಳೆ ಇದೆ, ಸೊಳ್ಳೆ ಇದೆ ಅಂತ ಬಡ್ಕೊಂಡೆ ಕಣೇ ನಾನು. ಮುದುಕಿಗೆ ಭ್ರಮೆ ಅಂದ್ರು. ಮಲಗಿದ ಕಡೆಯೇ ಬಿದ್ದಿರೋಳಿಗೆ ಏನು ಗೊತ್ತಾಗುತ್ತೆ ಅಂದ್ರು."

ಅತ್ತಿಗೆ ಮಂಚದ ಹತ್ತಿರ ಬಂದು, ಮೊಣಕಾಲಿನ ಮೇಲೆ ಕೈಯೂರಿ ನೆಲಕ್ಕೆ ಕೂತಳು.

"ಎಲ್ಲೆಲ್ಲಿ ಅಂತ ಹೇಳಿ ಅಜ್ಜೀ. ನಾನು ನೋಡ್ತೀನಿ."

ಅಜ್ಜಿ ನೋಯುವ ಎಡ ತೋಳನ್ನೇ ಎತ್ತಿದರು. ಕಿಟಕಿಯ ಮೂಲೆ ತೋರಿಸಿದರು. ಅಲಮಾರಿಯ ಹಿಂದೆ ತೋರಿಸಿದರು. ಮಂಚದ ಕೆಳಗಿದ್ದ, ಯಾರೋ ಮರೆತ ಹೂದಾನಿಯನ್ನು ತೋರಿಸಿದರು. ಮಧ್ಯೆ ಮಧ್ಯೆ ಆಸ್ಪತ್ರೆಯ ಊಟವನ್ನೂ ಬೈದರು. ಅಮ್ಮ ಬಾಗಿಲಲ್ಲೇ ನಿಂತಿದ್ದರು. ಅತ್ತಿಗೆ ಅಜ್ಜಿ ಹೇಳಿದ ಒಂದೊಂದು ಕಡೆಗೂ ಟಾರ್ಚು ಬಿಡುತ್ತಾ, ತೆವಳುತ್ತಾ, ಅವಸರವಿಲ್ಲದೆ ನೋಡುತ್ತಾ ಹೋದಳು.